ಮೂರು ದಾರಿ ತೋರಿಸಿದ ಹೇಂಟೆ

ಚುಕ್ಕಿ ಹೇಂಟೆಯ ಜಂಬ ಏನು ಕೇಳ್ತೀರಿ! ಹದ್ದು ಬಂತೆಂದರೆ ಕೇರಿಯ ಹೇಂಟೆಗಳೆಲ್ಲ "ಕೊರ್ರ್" ಅಂತ ಒಂದೇ ಸದ್ದು ಮಾಡಿ ಮರಿಗಳನ್ನ ರೆಕ್ಕೆಯೊಳಗೆ ಕರಕೊಳ್ಳೋವು. ಇವಳಿಗೆ ಮಾತ್ರ ಅದು ನಾಚಿಕೆ. "ನಾನು ಹಾಗೆ ಗಂಟಲು ಕೆರೆಯೋಳಲ್ಲಮ್ಮ, ಬಿಡಿಸಿ ಹೇಳೋಳು" ಅಂತ ತಿಪ್ಪೆ ಮೇಲೆ ನಿಂತು ಬಾತುಕೋಳಿಯ ಹತ್ತಿರ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು.

ಒಂದು ಮಧ್ಯಾಹ್ನ ಹದ್ದಿನ ನೆರಳು ಅಂಗಳದ ಮೇಲೆ ಹಾಯಿತು. ಬಾತುಕೋಳಿ ನೋಡ್ತಿದ್ದಾಳಲ್ಲ, ಚುಕ್ಕಿ ಕತ್ತು ಚಾಚಿ ಶುರುಮಾಡಿದಳು: "ಮುದ್ದು ಮಕ್ಕಳೇ, ಆಕಾಶದಲ್ಲಿ ಹದ್ದಿದೆ. ಬೇಲಿಯೊಳಗೆ ನುಗ್ಗಬಹುದು, ಒರಳಿನ ಮರೆಗೂ ಹೋಗಬಹುದು, ಇಷ್ಟವಾದರೆ ನನ್ನ ರೆಕ್ಕೆಯೂ ಇದೆ."

ಐದು ಮರಿಗಳೂ ಬೇಲಿ ನೋಡಿದವು, ಒರಳು ನೋಡಿದವು, ಅಮ್ಮನ ಮುಖ ನೋಡಿದವು. ಒಂದೂ ಕಾಲೆತ್ತಲಿಲ್ಲ. ಕಿರಿಯದು "ಅಮ್ಮಾ, ಯಾವುದಕ್ಕೆ ಹೋಗಲಿ?" ಅಂತ ಕೇಳುವಷ್ಟರಲ್ಲಿ ಹದ್ದು ಅದನ್ನೇ ಎತ್ತಿಕೊಂಡು ಹೋಯಿತು.

"ಅಷ್ಟು ಚೆನ್ನಾಗಿ ಹೇಳಿದೆನಲ್ಲೇ!" ಅಂತ ಚುಕ್ಕಿ ಗೋಳಾಡಿದಳು.

"ಚೆನ್ನಾಗೇ ಹೇಳಿದೆ ಕಣೇ, ನಾನೂ ಬಾಯಿ ಬಿಟ್ಟುಕೊಂಡು ಕೇಳಿದೆ. ಆದರೆ ಬಾ ಅಂತ ಒಂದು ಸಲ ಅನ್ನಲೇ ಇಲ್ಲವಲ್ಲೇ ನಮ್ಮವ್ವ," ಅಂದಳು ಬಾತುಕೋಳಿ.

ಚುಕ್ಕಿ ತಲೆ ತಗ್ಗಿಸಿ, "ಬನ್ನಿ" ಅಂದಳು. ನಾಲ್ಕೂ ಮರಿಗಳು ಒಂದೇ ಓಟಕ್ಕೆ ಬಂದು ರೆಕ್ಕೆಯೊಳಗೆ ಸೇರಿದವು. ಇಷ್ಟೇ ಸುಲಭವಿತ್ತು ಅಂತ ಅವಳಿಗೆ ತಿಳಿಯುವ ಹೊತ್ತಿಗೆ ಐದನೆಯದರ ಜಾಗ ತಣ್ಣಗಾಗಿತ್ತು.