ಎಕೋ ಇಲ್ಲದ ಪೆಟ್ಟಿಗೆ

"ಮೇಷ್ಟ್ರೇ, ಮನೆಯಲ್ಲಿ ಅಭ್ಯಾಸ ಮಾಡೋಕೆ ಯಾವ ಆಂಪ್ಲಿಫೈಯರ್ ತಗೊಳ್ಳಲಿ?" ಎಂದು ಹಾಲೇಶ ಕೇಳಿದ.

ಮುರಿಗೆಪ್ಪ ಮೇಷ್ಟ್ರು ದಾವಣಗೆರೆಯಲ್ಲಿ ಮೂವತ್ತು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ಕಲಿಸುತ್ತಿದ್ದವರು. ಹಾಲೇಶ ಅವರ ಪಾಠಕ್ಕೆ ಬರತೊಡಗಿ ಎರಡು ವರ್ಷವಾಗಿತ್ತು. ನೌಕರಿ, ಮದುವೆ ಎಲ್ಲ ಆದ ಮೇಲೆ ಕಲಿಯಲು ಬಂದವನು.

"ಈಗಿರೋ ಸಣ್ಣದಕ್ಕೆ ಏನಾಗಿದೆ?" ಎಂದರು ಮೇಷ್ಟ್ರು.

"ಅದು ಬರೀ ಒಣ ಮೇಷ್ಟ್ರೇ. ಎಷ್ಟು ನುಡಿಸಿದರೂ ಚಂದ ಕೇಳಲ್ಲ. ಎಕೋ ಇರೋದು ಬೇಕು. ಹೆಡ್‌ಫೋನ್ ಹಾಕೋಕೂ ಬರಬೇಕು. ಮನೇಲಿ ಇವಳದು ಒಂದೇ ಕಿರಿಕಿರಿ."

ಮೇಷ್ಟ್ರು ಕೈಯಲ್ಲಿದ್ದ ಗಿಟಾರನ್ನು ಗೋಡೆಗೆ ಒರಗಿಸಿದರು. ಅವರಿಗೆ ಸಿಟ್ಟು ಬಂದಿದೆ ಎಂದು ಹಾಲೇಶನಿಗೆ ತಿಳಿಯಿತು. ಯಾಕೆಂದು ತಿಳಿಯಲಿಲ್ಲ.

"ಕೂತ್ಕೋ" ಎಂದು ಅವರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಆ ಊರಿನ ಆರ್ಕೆಸ್ಟ್ರಾದವರು ವೇದಿಕೆಯ ಮೇಲೆ ತೊಡುವ ನೀಲಿ ಕೋಟುಗಳೆಲ್ಲ ಅವನ ಅಂಗಡಿಯಲ್ಲೇ ಆಗುತ್ತಿದ್ದವು. ಅವನ ಹೆಂಡತಿ ಪಕ್ಕದಲ್ಲಿ ಕೂತು ಕಾಜಾ ಹಾಕುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು.

ಯಾರ ಕೋಟನ್ನೂ ಅವನು ಒಂದೇ ಸಲಕ್ಕೆ ಹೊಲಿದು ಮುಗಿಸುತ್ತಿರಲಿಲ್ಲ. ಮೊದಲು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಯನ್ನು ಕರೆಸಿ, ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸುತ್ತಿದ್ದ. ಎಲ್ಲಿ ಎಳೆಯುತ್ತದೆ, ಎಲ್ಲಿ ಜೋಲುತ್ತದೆ ನೋಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಗಿರಾಕಿ ಅವಸರ ಮಾಡಿದರೆ, "ತಪ್ಪು ಕಚ್ಚಾದಲ್ಲೇ ಕಾಣಬೇಕು ಸ್ವಾಮಿ, ಮದುವೆ ಮನೇಲಲ್ಲ" ಎನ್ನುತ್ತಿದ್ದ. ಹಾಲೇಶ, ಈ ಮಾತು ಅವನದೇ. ನೆನಪಿಟ್ಟುಕೋ.

ಅವನಿಗೆ ಗಿಟಾರಿನ ಹುಚ್ಚು. ಹನ್ನೆರಡು ವರ್ಷ ಕಲಿತಿದ್ದ. ತಾನು ಹೊಲಿದ ಕೋಟು ಹಾಕಿಕೊಂಡು ಬೇರೆಯವರು ನುಡಿಸುವುದನ್ನು ಹನ್ನೆರಡು ವರ್ಷವೂ ಕೆಳಗೆ ಕೂತು ನೋಡಿದ್ದ. ಕಡೆಗೊಮ್ಮೆ ಆರ್ಕೆಸ್ಟ್ರಾದ ಗಿಟಾರಿನವನು ಊರು ಬಿಟ್ಟು ಹೋದ. ಯಜಮಾನ ದರ್ಜಿಯನ್ನು ಕರೆದು, "ಮೂರು ತಿಂಗಳು ಟೈಮ್ ಕೊಡ್ತೀನಿ. ಬಂದು ನುಡಿಸಿ ತೋರಿಸು. ಸರಿಬಂದರೆ ಆ ಜಾಗ ನಿನ್ನದು" ಎಂದ. ಇಂಥ ಅವಕಾಶ ಅವನಿಗೆ ಜೀವಮಾನದಲ್ಲಿ ಇನ್ನೊಂದು ಸಲ ಬರುವಂತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಅಭ್ಯಾಸಕ್ಕೆಂದು ಒಂದು ಸಣ್ಣ ಆಂಪ್ಲಿಫೈಯರ್ ಪೆಟ್ಟಿಗೆ ತಂದ. ಅದರಲ್ಲಿ ಎರಡೇ ತಿರುಪು. ಒಂದು ಸದ್ದಿಗೆ, ಇನ್ನೊಂದು ದನಿಯ ತೆಳು ದಪ್ಪಕ್ಕೆ. ಮನೆಯಲ್ಲಿ ಕೂತು ನುಡಿಸಿದ. ಹೆಂಡತಿ ಕಾಜಾ ಹಾಕುತ್ತಲೇ ಕೇಳಿದಳು. ಮುಗಿದ ಮೇಲೆ ಅವಳು ಅಂದದ್ದು ಒಂದೇ ಮಾತು.

"ನಡುನಡುವೆ ಹೊಲಿಗೆ ಬಿಟ್ಟಂಗೈತಲ್ರೀ."

ನಿಜವಾಗಿಯೂ ಬಿಟ್ಟಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಅವನು ಬೆರಳನ್ನು ಬೇಗ ಎತ್ತಿಬಿಡುತ್ತಿದ್ದ. ಸ್ವರ ಅಲ್ಲೇ ಸಾಯುತ್ತಿತ್ತು. ಎರಡು ಸ್ವರದ ನಡುವೆ ಒಂದೊಂದು ತೂತು. ಇದನ್ನು ಹೇಳಲು ಸಂಗೀತ ಕಲಿತಿರಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ಜೀವನವಿಡೀ ಹೊಲಿಗೆ ನೋಡಿದವಳಿಗೆ ಬಿಟ್ಟ ಹೊಲಿಗೆ ಕೇಳಿಸದೆ ಇರುತ್ತದೆಯೆ?

ಅವನು ಏನಂದ ಗೊತ್ತೆ? "ಕಾಜಾ ಹಾಕೋಳಿಗೆ ಸಂಗೀತದ ಸುದ್ದಿ ಯಾಕೆ? ಬಾಯ್ಮುಚ್ಕೊಂಡು ಕೆಲಸ ನೋಡು" ಅಂದ. ಇಷ್ಟು ವರ್ಷವಾದರೂ ಆ ಮಾತು ನೆನೆದರೆ ನನ್ನ ಮೈ ಉರಿಯುತ್ತದೆ. ಬೇರೆಯವರ ಕೋಟಿನ ತಪ್ಪನ್ನು ಕನ್ನಡಿಯಲ್ಲಿ ತೋರಿಸಿ ಅನ್ನ ತಿನ್ನುವವನು ಆಡುವ ಮಾತೆ ಅದು!

ಮಾರನೆಯ ಬೆಳಿಗ್ಗೆಯೇ ಪೆಟ್ಟಿಗೆ ಹೊತ್ತುಕೊಂಡು ಅಂಗಡಿಗೆ ಹೋದ. "ಇದು ಸರಿಯಿಲ್ಲ, ವಾಪಸು ತಗೋ" ಎಂದ. ಅಂಗಡಿಯವನು ಒಳ್ಳೆಯವನು. "ಇದು ಏನನ್ನೂ ಸೇರಿಸಲ್ಲ, ಏನನ್ನೂ ಮುಚ್ಚಲ್ಲಣ್ಣ. ಕೈ ತಿದ್ದಿಕೊಳ್ಳೋಕೆ ಇದೇ ಸರಿ" ಎಂದ. ದರ್ಜಿ ಕೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ನೆಲವನ್ನು ಅಂಗಡಿಗೆ ವಾಪಸು ಕೊಡಲಿಲ್ಲ.

ಇನ್ನೊಂದು ಅಂಗಡಿಗೆ ಹೋದ. ಅಲ್ಲಿಯವನು ಹೊಳೆಯುವ ಪೆಟ್ಟಿಗೆಯೊಂದನ್ನು ತೋರಿಸಿದ. ಗುಂಡಿ ಒತ್ತಿದರೆ ಎಕೋ. ಒಂದು ಸ್ವರ ನುಡಿಸಿದರೆ ಅದು ಬಾವಿಯೊಳಗೆ ಕೂಗಿದಂತೆ ನಾಲ್ಕು ಸಲ ಮರುದನಿಗೊಳ್ಳುತ್ತಿತ್ತು. ತೂತುಗಳೆಲ್ಲ ತುಂಬಿಹೋದವು. ಅಂಗಡಿಯವನು, "ಏನ್ ಕೈ ಸಾರ್ ನಿಮ್ಮದು!" ಎಂದ. ಇಂಥವರನ್ನು ಕಂಡರೆ ನನಗೆ ಆಗುವುದಿಲ್ಲ. ಮಾರುವವನು ಪೆಟ್ಟಿಗೆ ಮಾರಲಿ, ಹೊಗಳಿಕೆಯನ್ನು ಯಾಕೆ ಅದರ ಜೊತೆಗೆ ಕಟ್ಟಿಕೊಡಬೇಕು?

ಆ ಪೆಟ್ಟಿಗೆಗೆ ಹೆಡ್‌ಫೋನ್ ಹಾಕುವ ಸೌಕರ್ಯವೂ ಇತ್ತು. ಹೆಡ್‌ಫೋನ್ ಕೆಟ್ಟದ್ದಲ್ಲ. ಪಕ್ಕದ ಮನೆಯಲ್ಲಿ ಕಾಯಿಲೆಯವರಿದ್ದರೆ ಹಾಕಿಕೊಳ್ಳಬೇಕು. ಇವನು ಹಾಕಿಕೊಂಡದ್ದು ಹೆಂಡತಿಗೆ ಕೇಳಿಸಬಾರದೆಂದು. ಮೂರು ತಿಂಗಳು ತನ್ನ ಸಂಗೀತವನ್ನು ತಾನೊಬ್ಬನೇ ಕೇಳಿ, ತಾನೇ ತಲೆದೂಗಿದ. ಕೊನೆಯ ವಾರ ತನಗೊಂದು ನೀಲಿ ಕೋಟು ಹೊಲಿದುಕೊಂಡ. ಕಚ್ಚಾ ಹಾಕಲಿಲ್ಲ. ನನ್ನ ಮೈ ನನಗೆ ಗೊತ್ತಿಲ್ಲವೆ ಅಂದುಕೊಂಡ.

ಹೇಳಿದ ದಿನ ಕೋಟು ತೊಟ್ಟು ಹೋದ. ಆರ್ಕೆಸ್ಟ್ರಾದವರ ಪೆಟ್ಟಿಗೆಯಲ್ಲಿ ಎಕೋ ಇರಲಿಲ್ಲ. ಹಾಡುವವರ ಜೊತೆ ಎಕೋ ಹಾಕಿದರೆ ತಾಳ ಕಲಸಿಹೋಗುತ್ತದೆ ಎಂದು ಯಜಮಾನ ಇಟ್ಟುಕೊಂಡಿರಲಿಲ್ಲ. ದರ್ಜಿ ಗಿಟಾರ್ ಹಿಡಿದು ಬಲಗೈ ಎತ್ತಿದ. ಕೋಟು ಕಂಕುಳಲ್ಲಿ ಹಿಡಿಯಿತು. ನುಡಿಸಿದ. ಮೂರು ತಿಂಗಳ ಹಿಂದಿನ ತೂತುಗಳೆಲ್ಲ ಹಾಗೇ ಇದ್ದವು. ಹಾಡುವವಳು ಎರಡು ಸಲ ಹಾಡು ನಿಲ್ಲಿಸಿದಳು.

"ಈ ಪೆಟ್ಟಿಗೆ ಸರಿಯಿಲ್ಲ" ಎಂದ ದರ್ಜಿ.

ಯಜಮಾನ ವಾದ ಮಾಡಲಿಲ್ಲ. ಅವತ್ತು ನುಡಿಸಿ ತೋರಿಸಲು ಬಂದ ಇನ್ನೊಬ್ಬಳಿದ್ದಳು, ಆಸ್ಪತ್ರೆಯ ಒಬ್ಬ ನರ್ಸಮ್ಮ. ಅವಳನ್ನು ಕರೆದು ಅದೇ ಪೆಟ್ಟಿಗೆಗೆ ಗಿಟಾರ್ ಜೋಡಿಸಲು ಹೇಳಿದ. ಅವಳು ದೊಡ್ಡ ವಿದುಷಿಯೇನಲ್ಲ. ಕಲಿಯತೊಡಗಿ ಐದು ವರ್ಷ ಆಗಿತ್ತಷ್ಟೆ. ಆದರೆ ಒಂದು ಸ್ವರ ಇನ್ನೊಂದರ ಕೈ ಹಿಡಿದ ಮೇಲೆಯೇ ಜಾಗ ಬಿಡುತ್ತಿತ್ತು. ಹಾಡುವವಳು ಹಾಡು ಪೂರ್ತಿ ಮಾಡಿದಳು. ಜಾಗ ನರ್ಸಮ್ಮನದಾಯಿತು.

ದರ್ಜಿಗೆ ತಡೆಯಲಾಗಲಿಲ್ಲ. "ಮನೇಲಿ ಯಾವ ಪೆಟ್ಟಿಗೆ ಇಟ್ಕೊಂಡಿದ್ದೀರಿ?" ಎಂದು ಕೇಳಿದ.

"ಯಾರೋ ಸರಿಯಿಲ್ಲ ಅಂತ ವಾಪಸು ಕೊಟ್ಟಿದ್ದಂತೆ ಅಣ್ಣಾ, ಎರಡೇ ತಿರುಪಿಂದು" ಎಂದಳು ಅವಳು. "ಒಂದು ತಿಂಗಳು ದಿನಾ ಅಳಿಸ್ತು. ಆಮೇಲೆ ಅಳಿಸೋದು ಬಿಡ್ತು."

ಯಜಮಾನ ದರ್ಜಿಗೆ ಹೇಳಿದ: "ಹೆಂಗೂ ಕೋಟು ಹೊಲಿದಿದ್ದೀಯ. ಈಯಮ್ಮನ ಅಳತೆಗೆ ಸರಿಮಾಡಿ ಕೊಟ್ಟುಬಿಡು."

ದರ್ಜಿ ಅಲ್ಲೇ ಕೋಟು ಕಳಚಿದ. ಹನ್ನೆರಡು ವರ್ಷದ ಆಸೆ ಅವನ ತೋಳಿನ ಮೇಲೆ ಜೋತುಬಿದ್ದಿತ್ತು. ಅಂಗಡಿಗೆ ಬಂದು ಹೊಲಿಗೆ ಬಿಚ್ಚಲು ಕೂತ. ಹೆಂಡತಿಗೆ ಎಲ್ಲ ಗೊತ್ತಾಯಿತು. ನಾನು ಅವತ್ತೇ ಹೇಳಿರಲಿಲ್ಲವೆ ಎಂದು ಅವಳು ಕೇಳಬಹುದಿತ್ತು, ಕೇಳಲಿಲ್ಲ. ಬ್ಲೇಡು ತಂದು ಅವನ ಮುಂದಿಟ್ಟು ತನ್ನ ಕಾಜಾ ಹಿಡಿದುಕೊಂಡಳು. ನೀನು ಕೇಳಿದ ದಿನ ಹೇಗಿತ್ತು ನನ್ನ ಕೈ, ಎಲ್ಲಿ ತಪ್ಪಿತು ಎಂದು ಅವನೇ ಕೇಳಿದ. ಅವಳು ತಲೆ ಎತ್ತಲಿಲ್ಲ. "ನನಗೇನು ಗೊತ್ತಾಗ್ತೈತ್ರೀ" ಎಂದಳು. ಅವನನ್ನು ತಿದ್ದುತ್ತಿದ್ದ ಎರಡು ಪೆಟ್ಟಿಗೆ ಇದ್ದವು ಹಾಲೇಶ. ಒಂದನ್ನು ಅಂಗಡಿಗೆ ಕೊಟ್ಟಿದ್ದ. ಇನ್ನೊಂದನ್ನು ಮನೆಯಲ್ಲೇ ಇಟ್ಟುಕೊಂಡು ಬಾಯಿ ಮುಚ್ಚಿಸಿದ್ದ.

ಮೇಷ್ಟ್ರು ಕತೆ ಮುಗಿಸಿದರು. ಹಾಲೇಶ, "ಹಾಗಾದರೆ ಎರಡು ತಿರುಪಿನದನ್ನೇ ತಗೊಳ್ಳಲಾ ಮೇಷ್ಟ್ರೇ?" ಎಂದ.

ಮೇಷ್ಟ್ರ ಮುಖ ಕೆಂಪಾಯಿತು. ಗೋಡೆಗೆ ಒರಗಿಸಿದ್ದ ಗಿಟಾರನ್ನು ತೆಗೆದು ಅವನ ತೊಡೆಯ ಮೇಲೆ ಇಟ್ಟರು.

"ಪೆಟ್ಟಿಗೆ ಯಾವುದಾದರೂ ತಗೋ, ಮೊದಲು ನಿನ್ನ ಹೆಂಡತಿ ಏನಂದಳು, ಅದನ್ನ ಹೇಳು."