ಬಂಡೆಯ ಮೇಲಿಟ್ಟ ಮೂರು ಮೀನು

ಬಲೆ ಒಣಹಾಕುವ ಮುಂಚೆ ಮೀನುಗಾರ ಹುಲಿಗೆಪ್ಪ ಅದರ ಪ್ರತಿ ತೂತಿಗೂ ಕೈ ತೂರಿಸಿ ನೋಡುತ್ತಿದ್ದ. ಎರಡು ಬೆರಳು ಹೋದರೆ ಏಡಿಯ ಕೆಲಸ. ಇಡೀ ಮುಷ್ಟಿ ಹೋದರೆ ನೀರುನಾಯಿಯದು. ಆ ತಿಂಗಳು ನಾಲ್ಕು ಸಲ ಮುಷ್ಟಿ ಹೋಯಿತು.

“ಇನ್ನೊಂದು ಸಲ ಹರದ್ರ ಮನ್ಯಾಗ ಒಲಿ ಹತ್ತಂಗಿಲ್ಲ ಮಾವಾ,” ಎಂದ ಹೆಂಡತಿಯ ತಮ್ಮ ಯಂಕೋಬ. ಅವನ ಬಲೆಯೂ ಚಿಂದಿಯಾಗಿತ್ತು. “ಹತ್ತಿ ಹುಳಕ್ಕ ಹೊಡಿಯೋ ಎಣ್ಣಿ ಐತಿ. ಮೀನಿನ ಹೊಟ್ಟ್ಯಾಗ ತುಂಬಿ ಇಟ್ರ ಮುಗೀತು.”

ಮರುದಿನ ನಸುಕಿನಲ್ಲಿ ಇಬ್ಬರೂ ಹರಿಗೋಲು ಹತ್ತಿ ತುಂಗಭದ್ರೆಯ ನಡುಬಂಡೆಗೆ ಹೋದರು. ನೀರುನಾಯಿಗಳು ದಿನಾ ಬಂದು ಹಿಕ್ಕೆ ಹಾಕುವ ಜಾಗ ಅದು. ಯಂಕೋಬ ವಿಷ ತುಂಬಿದ ಮೂರು ಮೀನನ್ನು ಅಲ್ಲಿಟ್ಟ. ಇಬ್ಬರೂ ಅದೇ ಬಂಡೆಯ ಮರೆಯಲ್ಲಿ ಕೂತರು.

ಕೂತಲ್ಲೇ ಹುಲಿಗೆಪ್ಪನ ಕೈಗೆ ಒಣಗಿದ ಹಿಕ್ಕೆ ಸಿಕ್ಕಿತು. ಸುಮ್ಮನೆ ಪುಡಿ ಮಾಡಿದ. ತಾನು ಹಿಡಿಯುವ ಮೀನಿನ ಹುರುಪೆಯೇ ತುಂಬಿರುತ್ತದೆ ಅಂದುಕೊಂಡಿದ್ದ. ಇದ್ದದ್ದು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಏಡಿಯ ಚಿಪ್ಪು, ಹುರುಪೆಯೇ ಇಲ್ಲದ ಕ್ಯಾಟ್‌ಫಿಶ್‌ನ ದಪ್ಪ ಮುಳ್ಳು. ಯಾರೋ ತಂದು ಬಿಟ್ಟ ಆ ಮೀಸೆಯ ಮೀನು ಪಕ್ಕದೂರಿನ ಕೆರೆಯಲ್ಲಿ ಬೇರೆ ಮೀನಿನ ಮೊಟ್ಟೆ, ಮರಿ ಒಂದನ್ನೂ ಉಳಿಸಿರಲಿಲ್ಲ. ಅಲ್ಲಿನ ಮೀನುಗಾರರು ಈಗ ಇಟ್ಟಿಗೆ ಹೊರುತ್ತಿದ್ದರು. ಆ ಕೆರೆಯಲ್ಲಿ ಅದನ್ನು ತಿನ್ನಲು ನೀರುನಾಯಿಗಳಿರಲಿಲ್ಲ.

“ಲೇ ಯಂಕೋಬ, ತಪ್ಪಾತಲೇ. ಮೀನು ತಗೀ.”

“ಹಿಕ್ಕಿ ನೋಡಿ ಭವಿಷ್ಯ ಹೇಳಾಕತ್ತಿಯೇನ್ ಮಾವಾ?”

ಅಷ್ಟರಲ್ಲಿ ನೀರು ಅಲುಗಿತು. ತಾಯಿ ನೀರುನಾಯಿ ತಲೆ ಎತ್ತಿತು. ಹಿಂದೆ ಎರಡು ಮರಿ. ತಾಯಿ ಬಂಡೆ ಹತ್ತಿ ಮೊದಲ ಮೀನಿಗೆ ಮೂಗು ಚಾಚಿತು.

ಹುಲಿಗೆಪ್ಪ ಹರಿಗೋಲಿನ ಹುಟ್ಟನ್ನು ಎತ್ತಿ ಬಂಡೆಗೆ ಫಟಾರನೆ ಬಡಿದ. ಹುಟ್ಟು ಮುರಿಯಿತು. ತಾಯಿ ನೀರಿಗೆ ಹಾರಿ ಮರಿಗಳೊಂದಿಗೆ ಮುಳುಗಿತು.

ಅವನು ಓಡಿ ಎರಡು ಮೀನು ಬಾಚಿಕೊಂಡ. ಮತ್ತೆ ಇಡಬೇಕೆಂದು ಯಂಕೋಬ ಮೂರನೆಯದನ್ನು ಆಗಲೇ ಎತ್ತಿಕೊಂಡಿದ್ದ. ಸ್ವಲ್ಪ ದೂರದಲ್ಲಿ ಮರಿಗಳು ಮತ್ತೆ ತಲೆ ಎತ್ತಿ, ಸಿಳ್ಳೆ ಹಾಕಿದಂತೆ ಕೂಗಿದವು. ಯಂಕೋಬ ಅತ್ತ ನೋಡಿದ.

“ನಿನ್ನ ಬಲೆನೂ ನಾನ ಹೆಣದು ಕೊಡ್ತೀನಿ. ಆ ಮೀನು ಇತ್ತ ಕೊಡು, ತಮ್ಮಾ.”

ಯಂಕೋಬ ಮುರಿದ ಹುಟ್ಟನ್ನು ನೋಡಿದ. ಮೀನನ್ನು ಹುಲಿಗೆಪ್ಪನ ಕೈಗಿಟ್ಟ.

ನೀತಿ: ಒಂದು ಜೀವಿ ನಮ್ಮಿಂದ ಏನು ಕಸಿಯಿತು ಅನ್ನುವುದು ಬೇಗ ಕಣ್ಣಿಗೆ ಬೀಳುತ್ತದೆ. ಅದು ನಮಗಾಗಿ ಏನನ್ನು ಕಾಯುತ್ತಿತ್ತು ಅನ್ನುವುದು ಅದು ಅಳಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ಕೊಲ್ಲುವ ಮುಂಚೆಯೇ ತಿಳಿದುಕೊಳ್ಳಬೇಕು.