ನೆಲದ ಮೇಲಿನ ಗಂಟೆ

"ಗುರುಗಳೇ, ಕಲಿಯಬೇಕಾದ್ದು ಇನ್ನೂ ಬೆಟ್ಟದಷ್ಟಿದೆ. ಅಷ್ಟನ್ನೂ ಮುಗಿಸದೆ ನಾಲ್ಕು ಜನರ ಮುಂದೆ ನಿಂತು ಮಾತಾಡಲು ನನಗೆ ಯಾವ ಅರ್ಹತೆ ಇದೆ?" ಎಂದು ಶಿಷ್ಯ ಇನಾಸ ಕೇಳಿದ. ಕಡಲ ತೀರದ ಒಂದು ಕೇರಿಯವರು ಮಕ್ಕಳಿಗೆ ಪಾಠ ಹೇಳಲು ಬಾ ಎಂದು ಅವನನ್ನು ಎರಡು ಸಲ ಕರೆದಿದ್ದರು. ಎರಡು ಸಲವೂ ಅವನು ಅವರನ್ನು ಹಿಂದಕ್ಕೆ ಕಳಿಸಿದ್ದ.

ಗುರುಗಳಿಗೆ ಕತೆ ಸಿಕ್ಕಿಬಿಟ್ಟಿತು. ಕುಳಿತಲ್ಲೇ ಮುಂದಕ್ಕೆ ಸರಿದರು.

"ಕೇಳು. ಪಡುವಣ ದೇಶದ ಒಂದು ಹಳ್ಳಿ, ಅಲ್ಲೊಂದು ಚರ್ಚು. ಏಳುನೂರು ವರ್ಷದ ಹಿಂದಿನ ಮಾತು. ಮುತ್ತಜ್ಜಂದಿರು ದಪ್ಪ ಗೋಡೆ ಎಬ್ಬಿಸಿ, ಗುಂಡು ಕಮಾನು ಇಟ್ಟು ಹೋಗಿದ್ದರು. ಒಳಗೆ ಕತ್ತಲೆ ಎಂದು ಅಜ್ಜಂದಿರು ಆ ಗೋಡೆ ಒಡೆದು ಮೊನಚು ಕಮಾನಿನ ದೊಡ್ಡ ಕಿಟಕಿ ಕೂರಿಸಿದರು. ಮೊಮ್ಮಕ್ಕಳ ಪಾಲಿಗೆ ಗೋಪುರ ಕಟ್ಟುವುದು ಉಳಿದಿತ್ತು. ಊರಿಗೆ ಊರೇ ಕುಣಿಯಿತು ಅನ್ನು. ಹೆಂಗಸರು ತಾಮ್ರದ ಪಾತ್ರೆ ತಂದು ಸುರಿದರು. ಚರ್ಚಿನ ಅಂಗಳದಲ್ಲೇ ಗುಂಡಿ ತೋಡಿ ಗಂಟೆ ಎರಕ ಹೊಯ್ದರು. ತಾಮ್ರಕ್ಕೆ ಬೆರೆಸಬೇಕಾದ ತವರವನ್ನೆಲ್ಲ ಕೊಟ್ಟವನು ಒಬ್ಬ ರೈತ, ಎಪ್ಪತ್ತು ದಾಟಿದವನು. ಆ ಗಂಟೆಯ ನಾದ ಕೇಳಿ ಸಾಯಬೇಕು, ಅದೊಂದೇ ಅವನ ಆಸೆ.

ಗಂಟೆ ಗೋಪುರದ ತುದಿಯಲ್ಲಿ ತೂಗಬೇಕು. ಮೇಸ್ತ್ರಿಯೋ, ವರ್ಷಕ್ಕೆ ಐದೇ ಮೊಳ ಕಟ್ಟುತ್ತಿದ್ದ. ಸುಣ್ಣದ ಗಾರೆ ಒಳಗಿನ ತನಕ ಗಟ್ಟಿಯಾಗುವ ಮುಂಚೆ ಮೇಲೆ ಭಾರ ಹೇರಿದರೆ ಗೋಡೆ ಬಿರಿಯುತ್ತದೆ. ಚಳಿಗಾಲ ಬಂತೆಂದರೆ ಹಿಮ ತಾಗದಂತೆ ಗೋಡೆಯ ತಲೆಗೆ ಹುಲ್ಲು, ಸಗಣಿ ಮುಚ್ಚಿ ಮನೆಗೆ ಹೊರಟುಬಿಡುತ್ತಿದ್ದ. ರೈತ ಅವನ ಬೆನ್ನು ಬಿದ್ದ, ಬೇಡಿಕೊಂಡ, ಬೈದ.

'ಅಜ್ಜಾ, ನನ್ನ ಗಾರೆ ನಿಮ್ಮ ವಯಸ್ಸು ನೋಡಿ ಒಣಗುವುದಿಲ್ಲ' ಎಂದ ಮೇಸ್ತ್ರಿ.

ಅವನು ಹೇಳಿದ್ದು ಸರಿಯೇ. ಮೂರು ವರ್ಷ ಕಳೆದರೂ ಗೋಪುರ ಚರ್ಚಿನ ಮಾಡಿನ ಎತ್ತರಕ್ಕೆ ಬಂದಿರಲಿಲ್ಲ. ಗಂಟೆ ರೈತನ ಕೊಟ್ಟಿಗೆಯಲ್ಲಿ ಹುಲ್ಲಿನಡಿ ಮಲಗಿತ್ತು. ರೈತ ಈಗ ಕೋಲೂರಿ ನಡೆಯುತ್ತಿದ್ದ.

ಒಂದು ಬೆಳಿಗ್ಗೆ ಅವನು ಬಡಗಿಯನ್ನು ಕರೆತಂದ. ಗೋಪುರದ ಬುಡದಲ್ಲಿ, ನೆಲದ ಮೇಲೆಯೇ, ಮರದ ಚೌಕಟ್ಟು ನಿಲ್ಲಿಸಿ ಗಂಟೆಯನ್ನು ತೂಗುಹಾಕಿಸಿದ. ಊರವರು ನಕ್ಕರು. ಗಂಟೆ ಎಂದರೆ ಮೇಲಿರಬೇಕು, ಇದೇನು ದನದ ಕೊರಳಿನದೇ ಎಂದು ಪಾದ್ರಿಗಳು ಮುಖ ಸಿಂಡರಿಸಿದರು.

ರೈತ ಹಗ್ಗ ಎಳೆದ.

ಏನು ಹೇಳಲಿ ನಿನಗೆ! ನಗುತ್ತಿದ್ದವರ ಎದೆ ಝಲ್ಲೆಂದಿತು. ಹೊಳೆಯಾಚೆ ಉಳುತ್ತಿದ್ದವರು ನೇಗಿಲು ಬಿಟ್ಟು ಓಡಿಬಂದರು. ಮೇಸ್ತ್ರಿ ಕರಣೆ ಹಿಡಿದುಕೊಂಡೇ ಏಣಿ ಇಳಿದು, ತಾನೂ ಒಂದು ಸಲ ಎಳೆಯುತ್ತೇನೆಂದು ಹಗ್ಗಕ್ಕೆ ಕೈ ಹಾಕಿದ. ಪಾದ್ರಿಗಳೂ ಎಳೆದರು. ಸಂಜೆಯ ತನಕ ಗಂಟೆಗೆ ಬಿಡುವಿರಲಿಲ್ಲ. ರೈತ ಕಲ್ಲಿನ ರಾಶಿಯ ಮೇಲೆ ಕುಳಿತು ಅಳುತ್ತ ನಗುತ್ತಿದ್ದ. ಆ ವರ್ಷದ ಕೊಯ್ಲಿಗೆ ಮುಂಚೆ ಅವನು ತೀರಿಕೊಂಡ.

ಗೋಪುರ ಮುಗಿದದ್ದು ಅದಾದ ಒಂಬತ್ತು ವರ್ಷಕ್ಕೆ. ಇವತ್ತಿಗೂ ಒಂದು ಬಿರುಕಿಲ್ಲದೆ ನಿಂತಿದೆ. ಆದರೆ ಗಂಟೆಯನ್ನು ಅಲ್ಲಿಂದ ಕೀಳಲು ಊರಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಗೋಪುರದಲ್ಲಿ ಪಾರಿವಾಳಗಳಿವೆ."

ಮೇಸ್ತ್ರಿ ಹೇಳಿದ್ದೇ ಸರಿ ಎಂದು ತಾವೇ ಒಪ್ಪಿದಿರಲ್ಲ, ನಾನೂ ಅದನ್ನೇ ಹೇಳುತ್ತಿದ್ದೇನೆ ಎಂದ ಇನಾಸ.

"ಕಟ್ಟುವುದಕ್ಕೆ ಹನ್ನೆರಡು ವರ್ಷ ಬೇಕು, ಒಪ್ಪಿದೆ" ಎಂದರು ಗುರುಗಳು, "ಬಾರಿಸುವುದಕ್ಕೆ ಎಷ್ಟು ವರ್ಷ ಬೇಕು?"